ಅಕ್ಕನ ಫೋಟೊ, ಅಕ್ಕನ ಗೋಡೆ

ಇಪ್ಪತ್ತೆರಡು ವರ್ಷ ಗೋಡೆ ಬರೆದವನು ನಾನು. ರಾಮನಗರದಿಂದ ಕನಕಪುರ, ಅಲ್ಲಿಂದ ಕೆಳಗೆ ಉಯ್ಯಂಬಳ್ಳಿಯವರೆಗೆ ರಸ್ತೆಗೆ ಮುಖ ಮಾಡಿದ ಒಳ್ಳೆಯ ಗೋಡೆ ಎಲ್ಲಿದ್ದರೂ ಅದರ ಮೇಲೆ ಒಂದಲ್ಲ ಒಂದು ಚುನಾವಣೆಯಲ್ಲಿ ನನ್ನ ಕುಂಚ ಓಡಾಡಿದೆ. ಯಾವ ಪಕ್ಷ ಅಂತ ಮಾತ್ರ ಕೇಳಬೇಡಿ. ಬಣ್ಣ ಕೊಡಿಸಿದವರೆಲ್ಲ ನನ್ನ ಪಕ್ಷದವರೇ. ಬೆಳಿಗ್ಗೆ ಒಬ್ಬರಿಗೆ ಜೈ ಅಂತ ಬರೆದು, ಸಂಜೆ ಎದುರುಗಡೆ ಗೋಡೆಯಲ್ಲಿ ಇನ್ನೊಬ್ಬರಿಗೆ ಜೈ ಬರೆದದ್ದೂ ಇದೆ. ಆದರೆ ಯಾರಿಗೆ ಬರೆದರೂ ಬಲಗಡೆ ಮೂಲೆಯಲ್ಲಿ ಸಣ್ಣಕ್ಕೆ 'ಕೆಂಪರಾಜು ಆರ್ಟ್ಸ್, ರಾಮನಗರ' ಅಂತ ಸಹಿ ಹಾಕುತ್ತಿದ್ದೆ. ಅಕ್ಷರ ಸೊಟ್ಟಗಿದ್ದರೆ ಬೈಯುವವರಿಗೆ ವಿಳಾಸ ಗೊತ್ತಿರಲಿ ಅಂತ.

ಆಮೇಲೆ ಫ್ಲೆಕ್ಸ್ ಬಂತು. ನನ್ನ ಮೂರು ದಿನದ ಕೆಲಸವನ್ನು ಮಿಷನ್ನು ಮೂರು ನಿಮಿಷಕ್ಕೆ ಉಗುಳಿ ಬಿಸಾಕಿತು. ಅಂಗಡಿ ಬೋರ್ಡು, ಲಾರಿ ಹಿಂದಿನ ಬರಹ, ಮದುವೆ ಮನೆಯ ಕಮಾನು ಅಂತ ಹೇಗೋ ಕಾಲ ತಳ್ಳುತ್ತಿದ್ದಾಗ ನರೇಂದ್ರನ ಫೋನ್ ಬಂತು. ಚನ್ನಪಟ್ಟಣದ ಹುಡುಗ, ಇಂಜಿನಿಯರಿಂಗ್ ಓದಿದವನು, ಮೂವತ್ತು ದಾಟಿರಲಿಲ್ಲ. ಬಹಳ ಮರ್ಯಾದಸ್ಥ. ನನ್ನನ್ನು ಜೀವನದಲ್ಲಿ ಮೊದಲ ಸಲ 'ಸರ್' ಅಂದವನು ಅವನೇ, ಆ ಒಂದು ಮಾತಿಗೇ ನಾನು ಅರ್ಧ ಬಿದ್ದುಹೋಗಿದ್ದೆ.

"ನಿಮ್ಮ ಗೋಡೆ ಬರಹ ಚಿಕ್ಕ ವಯಸ್ಸಿಂದ ಓದ್ಕೊಂಡು ಬಂದಿದ್ದೀನಿ ಸರ್. ನಾಲ್ಕೇ ಪದದಲ್ಲಿ ಬಸ್ಸಲ್ಲಿ ಹೋಗೋನನ್ನ ತಿರುಗಿ ನೋಡೋ ಹಾಗೆ ಮಾಡ್ತೀರಿ. ನಮಗೆ ಅದೇ ಬೇಕು," ಅಂದ.

ನಮ್ಮ ಕಡೆಯಿಂದ ಚುನಾವಣೆಗೆ ನಿಲ್ಲಬೇಕು ಅಂತ ಓಡಾಡುತ್ತಿದ್ದ ಜಯಕುಮಾರ್ ಅನ್ನುವವರಿಗಾಗಿ ಅವನು ಒಂದು ವೆಬ್‌ಸೈಟ್ ನಡೆಸುತ್ತಿದ್ದ. ಮೈಸೂರು ರಸ್ತೆಯಲ್ಲಿ ಬೇಕರಿ ಮೇಲಿನ ಎರಡು ಕೋಣೆ, ನಾಲ್ಕು ಕಂಪ್ಯೂಟರ್. ವೆಬ್‌ಸೈಟಿನ ಹೆಸರು 'ನಮ್ಮೂರ ದನಿ'. ನಾನು ತೆರೆದು ನೋಡಿದೆ, ಜಯಕುಮಾರರ ಫೋಟೊ ಇಲ್ಲ, ಪಕ್ಷದ ಗುರುತಿಲ್ಲ, ಕೈಮುಗಿದು ನಿಂತವರು ಒಬ್ಬರೂ ಇಲ್ಲ. ಊರಿನ ಸುದ್ದಿ, ಕೆರೆಯ ಸುದ್ದಿ, ರೇಷ್ಮೆ ಗೂಡಿನ ಸುದ್ದಿ. ಪೇಪರ್ ಓದಿದ ಹಾಗೇ ಇತ್ತು.

"ಇದೇನು, ಅವರ ಹೆಸರೇ ಇಲ್ಲ?" ಅಂದೆ.

"ಹೆಸರು ಕಂಡ ತಕ್ಷಣ ಜನ ಬಾಗಿಲು ಹಾಕ್ಕೊಳ್ತಾರೆ ಸರ್. ಮೊದಲು ಓದಲಿ, ಮನಸ್ಸು ಕರಗಲಿ, ಯಾರ ಮೇಲಾದರೂ ಒಸಿ ಸಿಟ್ಟು ಬರಲಿ. ಆಮೇಲೆ ಮೂರನೇ ಪುಟದಲ್ಲಿ ಜಯಣ್ಣ ಬರ್ತಾರೆ. ಆಗ ಅವರು ವೋಟು ಕೇಳೋಕೆ ಬಂದ ಹಾಗಿರಲ್ಲ, ಸಹಾಯಕ್ಕೆ ಬಂದ ಹಾಗಿರುತ್ತೆ."

ಅವನು ತೋರಿಸಿದ್ದನ್ನೆಲ್ಲ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಒಂದೇ ಸುದ್ದಿಗೆ ನನ್ನ ಕೈಲಿ ಎರಡು ತಲೆಬರಹ ಬರೆಸುತ್ತಿದ್ದ. ಬೆಳಿಗ್ಗೆ ಅರ್ಧ ಜನರಿಗೆ ಒಂದು ಕಾಣಿಸುತ್ತಿತ್ತು, ಇನ್ನರ್ಧ ಜನರಿಗೆ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಯಾವುದರ ಮುಂದೆ ಜನ ಜಾಸ್ತಿ ಹೊತ್ತು ನಿಂತರು ಅಂತ ಲೆಕ್ಕ ಬರುತ್ತಿತ್ತು, ಸೋತದ್ದನ್ನು ಕಿತ್ತು ಎಸೆಯುತ್ತಿದ್ದ. 'ಕೆರೆ ಹೂಳೆತ್ತಲು ಒತ್ತಾಯ' ಅಂತ ಬರೆದರೆ ಎಂಟು ಸೆಕೆಂಡು. 'ಈ ಕೆರೆಯಲ್ಲಿ ನಿಮ್ಮ ಮಗು ಈಜುತ್ತದೆಯೇ?' ಅಂತ ಬರೆದರೆ ಐವತ್ತು ಸೆಕೆಂಡು. ಸಮಾಧಾನದ ಮಾತು ಯಾವತ್ತೂ ಗೆಲ್ಲಲಿಲ್ಲ. ಭಯ, ಇಲ್ಲ ಅಂದರೆ ಕಣ್ಣೀರು, ಇವೆರಡೇ ಪ್ರತಿದಿನ ಗೆದ್ದವು.

ಇಪ್ಪತ್ತೆರಡು ವರ್ಷದಲ್ಲಿ ನನ್ನ ಗೋಡೆಯನ್ನು ಯಾರು ಓದಿದರು, ಎಷ್ಟು ಜನ ಓದಿದರು ಅಂತ ನನಗೆ ಗೊತ್ತಾದದ್ದೇ ಇಲ್ಲ. ಇಲ್ಲಿ ಒಬ್ಬೊಬ್ಬನ ಬೆರಳು ಯಾವ ಸಾಲಿನ ಮೇಲೆ ನಿಂತಿತು ಅಂತ ಕಾಣುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಹುಚ್ಚು ಹಿಡಿಯಿತು. ಊಟಕ್ಕೆ ಕೂತರೂ ಫೋನ್ ನೋಡಿಕೊಂಡೇ ತುತ್ತು ಎತ್ತುತ್ತಿದ್ದೆ.

ಪ್ರತಿ ಬರಹದ ಕೆಳಗೆ 'ನಾನೂ ಜೊತೆಗಿದ್ದೇನೆ' ಅಂತ ಒಂದು ಗುಂಡಿ, ಫೋನ್ ನಂಬರ್ ಬರೆಯಲು ಜಾಗ, ಇದುವರೆಗೆ ಎಷ್ಟು ಜನ ಒತ್ತಿದರು ಅನ್ನುವ ಸಂಖ್ಯೆ. ಆ ಸಂಖ್ಯೆ ಒಂದರಿಂದ ಶುರುವಾಗುತ್ತಿರಲಿಲ್ಲ, ಒಂಬತ್ತು ಸಾವಿರದಿಂದ ಶುರುವಾಗುತ್ತಿತ್ತು. "ಖಾಲಿ ಹೋಟೆಲಿಗೆ ಯಾರೂ ನುಗ್ಗಲ್ಲ ಸರ್," ಅಂದ ನರೇಂದ್ರ. ನಾನು ನಕ್ಕೆ. ನಗಬಾರದಿತ್ತು ಅಂತ ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ಇಷ್ಟರಲ್ಲಿ ಒಂದು ದಿನ ಉಯ್ಯಂಬಳ್ಳಿಗೆ ಅಕ್ಕನ ಮನೆಗೆ ಹೋದೆ.

ನನ್ನ ಅಕ್ಕ ಸಿದ್ದಮ್ಮನ ಬಗ್ಗೆ ಎರಡು ಮಾತು ಹೇಳಬೇಕು. ಅವಳು ಪಾಪದವಳಲ್ಲ. ಭಾವ ತೀರಿಕೊಂಡ ಮೇಲೆ ಎರಡು ಎಕರೆ ಹಿಪ್ಪುನೇರಳೆ ತೋಟ, ಐದು ಅಂಕಣದ ಹುಳದ ಮನೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳು. ಅವಳ ಗೂಡು ರಾಮನಗರದ ಮಾರುಕಟ್ಟೆಗೆ ಬಂದರೆ ನೂಲು ತೆಗೆಯುವ ರೀಲರುಗಳು ಕೈ ಹಾಕಿ ನೋಡುವುದೂ ಕಡಿಮೆ, "ಉಯ್ಯಂಬಳ್ಳಿ ಸಿದ್ದಮ್ಮಂದಾ? ಸರಿ" ಅನ್ನುತ್ತಾರೆ. ಆ 'ಸರಿ' ಅನ್ನಿಸಿಕೊಳ್ಳಲು ಅವಳಿಗೆ ಇಪ್ಪತ್ತು ವರ್ಷ ಹಿಡಿದಿದೆ. ಪಕ್ಕದ ಮನೆ ಯಲ್ಲಮ್ಮನಿಗೂ ಇವಳಿಗೂ ಒಂದು ಒಪ್ಪಂದ. ಹುಳ ಹಣ್ಣಾದಾಗ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಇಬ್ಬರ ಹತ್ತಿರವೂ ಅರ್ಧರ್ಧ ಮಾತ್ರ ಇವೆ. ಅದಕ್ಕೇ ಇಬ್ಬರೂ ಒಂದೇ ಸಲ ಹುಳ ತರುವುದಿಲ್ಲ, ಹತ್ತು ಹನ್ನೆರಡು ದಿನ ಹಿಂದೆ ಮುಂದೆ ತರುತ್ತಾರೆ. ಇವಳ ಹುಳ ಹಣ್ಣಾದಾಗ ಅವಳ ಚಂದ್ರಿಕೆ ಇಲ್ಲಿಗೆ ಬರುತ್ತವೆ, ಅವಳದ್ದು ಹಣ್ಣಾದಾಗ ಇವಳವು ತೊಳೆಸಿಕೊಂಡು ಬಿಸಿಲಲ್ಲಿ ಒಣಗಿ ಅಲ್ಲಿಗೆ ಹೋಗುತ್ತವೆ. ಹುಳ ಆಯಲು ಮನೆಯವರೆಲ್ಲ ಆ ಕಡೆ ಈ ಕಡೆ ಹೋಗುತ್ತಾರೆ. ಇದಕ್ಕೆ ಯಾವ ಕಾಗದ ಪತ್ರವೂ ಇಲ್ಲ.

ನಾನು ಹೋದ ದಿನ ಹೊಸ ಹುಳ ತರುವ ಮುಂಚೆ ಹುಳದ ಮನೆ ತೊಳೆಯುತ್ತಿದ್ದಳು. ನೆಲಕ್ಕೆ, ಗೋಡೆಗೆ, ತಟ್ಟೆಗೆಲ್ಲ ಬ್ಲೀಚಿಂಗ್ ಪುಡಿ ನೀರು ಹೊಡೆದು, ಘಾಟು ತಡೆಯಲಾರದೆ ಹೊರಗೆ ಬಂದು ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಹಿಂದೆ ಖಾಲಿ ತಟ್ಟೆಗಳ ಸಾಲು, ಮೇಲಿಂದ ಬಿದ್ದ ಬೆಳಕು, ಕೆಂಪಾದ ಒಂದು ಕಣ್ಣು. ನಾನು ಫೋನ್ ಎತ್ತಿ ಫೋಟೊ ಹಿಡಿದೆ.

"ಏಯ್, ಮಖಾನೂ ತೊಳ್ದಿಲ್ಲ ಕಣೋ, ಯಾಕ್ ಹಿಡಿತೀಯ?" ಅಂತ ನಗುತ್ತಲೇ ಗದರಿದಳು.

"ಇರ್ಲಿ ಬಿಡಕ್ಕ, ನೆನಪಿಗೆ," ಅಂದೆ.

ನರೇಂದ್ರ ಆ ಫೋಟೊ ನೋಡಿ ಕುರ್ಚಿಯಿಂದ ಎದ್ದುಬಿಟ್ಟ. "ಸರ್, ಇದು ಬೇಕು!" ಅಂದ.

"ಅವಳು ನಮ್ಮಕ್ಕ."

"ಅರ್ಧ ಮುಖ ಸೆರಗಲ್ಲಿದೆ, ಯಾರಿಗೆ ಗೊತ್ತಾಗುತ್ತೆ? ಬೆಂಗಳೂರಲ್ಲಿ ಕೂತ ನಮ್ಮ ತಾಲೂಕಿನವರಿಗೆ ಇದು ತಾಯಿ ಮುಖ ಸರ್. ನೀವು ಒಂದು ಎಂಟು ಸಾಲು ಬರೀರಿ."

ಬರೆದೆ. ಬೇಡ ಅಂತ ಅನ್ನಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಮೊದಲ ಸಾಲು ತಲೆಯೊಳಗೆ ಬಂದುಬಿಟ್ಟಿತ್ತು. ಬರೆಯುವವನ ಕೆಟ್ಟ ಚಾಳಿ ಇದು, ಒಳ್ಳೆಯ ಸಾಲು ಹೊಳೆದರೆ ಅದು ಯಾರ ಕುತ್ತಿಗೆಗೆ ಬರುತ್ತದೆ ಅಂತ ನೋಡುವುದಿಲ್ಲ. 'ಯಾರೂ ಕೇಳದ ಕಣ್ಣೀರು' ಅಂತ ತಲೆಬರಹ. ಉಯ್ಯಂಬಳ್ಳಿ ಕಡೆಯ ಒಬ್ಬ ತಾಯಿ, ಮಕ್ಕಳ ಹಾಗೆ ಸಾಕಿದ ಹುಳ, ರೋಗ ಬಂದು ತಟ್ಟೆಗಟ್ಟಲೆ ಸತ್ತವು, ನೋಡಲು ಒಬ್ಬ ಅಧಿಕಾರಿ, ಒಬ್ಬ ನಾಯಕ ಬರಲಿಲ್ಲ. ಬರೀ ರೋಗ ಅಂದರೆ ಸಪ್ಪೆ ಅನ್ನಿಸಿತು. ರೋಗಕ್ಕೆ ಹೆಸರಿದ್ದರೆ ಓದುವವನು ನಂಬುತ್ತಾನೆ. ಅದಕ್ಕೆ 'ಸುಣ್ಣಕಟ್ಟು' ಅಂತ ಸೇರಿಸಿದೆ. ಹುಳ ಸತ್ತು ಸೆಟೆದು ಮೈಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗುವ ರೋಗ ಅದು. ಒಂದು ಮನೆಗೆ ಬಂದರೆ ಗಾಳಿಯಲ್ಲಿ, ಕಾಲಿನ ಧೂಳಿನಲ್ಲಿ, ಸಾಮಾನಿನ ಜೊತೆ ಪಕ್ಕದ ಮನೆಗೆ ಹೋಗುತ್ತದೆ. ನಾನು ಚಿಕ್ಕವನಿದ್ದಾಗ ಹುಳ ಮೇಯುವ ಹೊತ್ತಲ್ಲಿ ಆ ಪದ ಆಡಿದೆ ಅಂತ ಅವ್ವ ನನ್ನ ಬಾಯಿಗೆ ಬಾರಿಸಿದ್ದಳು. ಟೈಪ್ ಮಾಡುವಾಗ ಆ ಏಟು ನೆನಪಾಯಿತು. ನೆನಪಾದರೂ ಟೈಪ್ ಮಾಡಿದೆ.

ಸಂಜೆಯ ಹೊತ್ತಿಗೆ ಜನ ಆ ಪುಟದ ಮುಂದೆ ಒಂದು ನಿಮಿಷ ನಲವತ್ತು ಸೆಕೆಂಡು ನಿಂತಿದ್ದರು. ನಮ್ಮ ವೆಬ್‌ಸೈಟಿನಲ್ಲಿ ಅಷ್ಟು ಹೊತ್ತು ಯಾವುದಕ್ಕೂ ಯಾರೂ ನಿಂತಿರಲಿಲ್ಲ. ಜಯಕುಮಾರರು ತಾವೇ ಫೋನ್ ಮಾಡಿ, "ಕೆಂಪರಾಜಣ್ಣ, ಕಣ್ಣಲ್ಲಿ ನೀರು ತರಿಸಿಬಿಟ್ರಿ" ಅಂದರು. ನಾನು ಉಬ್ಬಿಹೋದೆ. ಆ ಬರಹದ ಮೂಲೆಯಲ್ಲಿ ನನ್ನ ಸಹಿ ಇರಲಿಲ್ಲ. ಅಲ್ಲಿ ಯಾವುದಕ್ಕೂ ಯಾರ ಸಹಿಯೂ ಇರುವುದಿಲ್ಲ.

ಅದಾದ ಇಪ್ಪತ್ತನಾಲ್ಕನೇ ದಿನ ಬೆಳಿಗ್ಗೆ ಏಳು ಗಂಟೆಗೆ ಅಕ್ಕ ಫೋನ್ ಮಾಡಿದಳು.

"ಕೆಂಪ, ಹುಳ ಹಣ್ಣಾಗ್ತಾ ಐತೆ. ಒಸಿ ಬಂದೋಗು."

ಹುಳ ಹಣ್ಣಾಗುವ ದಿನ ಅವಳು ನನ್ನನ್ನು ಯಾವತ್ತೂ ಕರೆದವಳಲ್ಲ. "ಯಾಕಕ್ಕ, ಯಲ್ಲಕ್ಕನ ಮನೆಯೋರು ಬರ್ಲಿಲ್ವಾ?" ಅಂದೆ.

"ಬರ್ಲಿಲ್ಲ. ಚಂದ್ರಿಕೇನೂ ಕೊಡಾಕಿಲ್ಲ ಅಂದ್ಬುಟ್ಲು. ನಮ್ಮನೆಗೆ ಸುಣ್ಣಕಟ್ಟು ಬಂದೈತೆ ಅಂತ ಫೋನ್ನಾಗೆ ಬಂದೈತಂತೆ. ಹಿಂದ್ಲು ಬೀದಿಯೋರ್ನೂ ಕೇಳ್ದೆ, ಅವ್ರೂ ಅಂಗೇ ಅಂದ್ರು. ನೀನು ಅಂಥಾ ಕೆಲ್ಸ ಮಾಡೋನಲ್ವಾ, ಏನಂತ ಬಂದು ನೋಡು."

ಹಣ್ಣಾದ ಹುಳ ಕಾಯುವುದಿಲ್ಲ. ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಆ ಕಡೆ ಈ ಕಡೆ ಆಡಿಸುತ್ತದೆ. ಅಷ್ಟರಲ್ಲಿ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕ ಕಸ ಕಡ್ಡಿಗೆ ನೂಲು ಸುತ್ತಿ ಹಾಳಾಗುತ್ತದೆ. ಇಪ್ಪತ್ತೈದು ದಿನದ ಕೆಲಸ ಒಂದು ಹಗಲಿನಲ್ಲಿ ಕೈಬಿಟ್ಟು ಹೋಗುತ್ತದೆ. ಬೈಕ್ ಹತ್ತಿದೆ. ಕನಕಪುರ ದಾಟಿದ್ದು ಯಾವಾಗ ಅಂತ ನನಗೆ ಜ್ಞಾನವಿಲ್ಲ.

ಅಕ್ಕ ಅಂಗಳದಲ್ಲೇ ಸಿಕ್ಕಳು. ಮುಖ ಗಂಟಾಗಿತ್ತು. ಅವಳ ಚಂದ್ರಿಕೆಗಳು ಆಗಲೇ ಅರ್ಧ ತುಂಬಿದ್ದವು, ಮೊದಲು ಹಣ್ಣಾದ ಹುಳವನ್ನು ಒಬ್ಬಳೇ ಆಯ್ದು ಬಿಟ್ಟಿದ್ದಳು. "ಹೋಗಿ ಯಲ್ಲಮ್ಮನ ಜತೆ ಮಾತಾಡು," ಅಂದವಳು ಬೇರೇನೂ ಕೇಳದೆ ಒಳಗೆ ಹೋದಳು.

ಯಲ್ಲಮ್ಮನ ಮನೆ ಬೇಲಿಯಾಚೆ. ಅವಳು ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ನನ್ನ ಕಂಡು ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂತ್ಕಳಪ್ಪ ಕೆಂಪರಾಜು, ಈಚೆ ಬರ್ಬ್ಯಾಡ. ನಮ್ ಹುಳ ಮೂರ್ನೇ ಜ್ವರಕ್ಕೆ ಕೂತವೆ."

ಹುಳ ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಅವು ಮೇವು ಮುಟ್ಟದೆ ತಲೆ ಎತ್ತಿ ಸುಮ್ಮನೆ ಕೂತಿರುತ್ತವೆ, ಗಾಳಿ ತಾಕಿದರೂ ಸೊರಗುತ್ತವೆ.

"ಯಲ್ಲಕ್ಕ, ಅಕ್ಕನ ಹುಳಕ್ಕೆ ಏನೂ ಆಗಿಲ್ಲ. ಬಂದು ಒಂದ್ ಸಲ ನೋಡು ಬೇಕಾದ್ರೆ."

"ನೋಡ್ಬೇಕು ಅಂದ್ರೆ ಒಳಗ್ ಬರ್ಬೇಕು. ಒಳಗ್ ಬಂದ ಮ್ಯಾಕೆ ರೋಗ ಐತೆ ಅಂತ ಗೊತ್ತಾದ್ರೆ ಅದ್ನ ಕಾಲಲ್ಲಿ ಕಟ್ಕೊಂಡು ನನ್ ಮನೆಗೆ ಹೋಗ್ಬೇಕು. ಎಂಗ್ ನೋಡ್ಲಿ ನೀನೇ ಹೇಳು."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನೋಡದೆ ನಂಬುವ ಹಾಗಿಲ್ಲ, ನಂಬದೆ ನೋಡುವ ಹಾಗಿಲ್ಲ. ಇಂಥ ಊರಿಗೆ ನಾನು ಆ ಪದ ಬರೆದು ಕಳಿಸಿದ್ದೆ.

"ಫೋನಲ್ಲಿ ಬರೋದೆಲ್ಲ ಸುಳ್ಳಿರ್ತವೆ ಯಲ್ಲಕ್ಕ," ಅಂದೆ. ಹೇಡಿಯ ಮಾತು.

"ನಾನೂ ಅಂಗೇ ಅಂದ್ಕಂಡೆ ಕಣಪ್ಪ. ಆದ್ರೆ ನೋಡು, ಪಟ್ನದೋರು ಬರ್ದಿದ್ರೆ ಹುಳ ಸತ್ತೋದ್ವು ಅಂತ ಬರಿಯೋರು. ಸುಣ್ಣಕಟ್ಟು ಅಂತ ಸರ್ಯಾಗಿ ಬರೆದೈತೆ. ಹುಳ ಸಾಕಿರೋರೇ ಯಾರೋ ಕಣ್ಣಾರೆ ಕಂಡು ಬರ್ದವ್ರೆ." ಸೆರಗಿನ ಗಂಟಿನಿಂದ ಫೋನ್ ತೆಗೆದು ಬೇಲಿ ಮೇಲಿಂದ ತೋರಿಸಿದಳು. "ಹನ್ನೊಂದ್ ಸಾವ್ರ ಜನ ಒತ್ತವ್ರೆ. ಅಷ್ಟೂ ಜನ ಸುಳ್ಳಾ? ನಾನೂ ಒತ್ತಿದೀನಿ. ಓದಿ ಅಳು ಬಂದ್ಬುಡ್ತು. ಇಷ್ಟ್ ಕಷ್ಟ ನುಂಗ್ಕಂಡು ಸಿದ್ದಕ್ಕ ನನ್ ಹತ್ರಾನೂ ಒಂದ್ ಮಾತಾಡ್ಲಿಲ್ವಲ್ಲಾ ಅಂತ."

ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. 'ನಾನೂ ಜೊತೆಗಿದ್ದೇನೆ' ಅನ್ನುವ ಗುಂಡಿಯನ್ನು ಮನಸಾರೆ ಒತ್ತಿದವಳು ಅದೇ ತಾಯಿಗೆ ಚಂದ್ರಿಕೆ ಕೊಡದೆ ನಿಂತಿದ್ದಳು. ನನಗೆ ಅಷ್ಟು ನಾಚಿಕೆ ಹಿಂದೆ ಯಾವತ್ತೂ ಆಗಿರಲಿಲ್ಲ.

"ಅದ್ರಲ್ಲಿ ಒಂಬತ್ತು ಸಾವ್ರ ಯಾರೂ ಒತ್ತಿದ್ದಲ್ಲ ಯಲ್ಲಕ್ಕ, ಮೊದ್ಲೇ ಹಾಕಿಟ್ಟಿದ್ದು. ಅಕ್ಕ ಅಳ್ತಿರ್ಲಿಲ್ಲ, ಬ್ಲೀಚಿಂಗ್ ಘಾಟಿಗೆ ಕಣ್ಣಲ್ಲಿ ನೀರು ಬಂದಿತ್ತು. ಫೋಟೊ ಹಿಡಿದೋನು ನಾನು. ಬರೆದೋನೂ ನಾನೇ."

ಅವಳು ಫೋನನ್ನು ಮತ್ತೆ ಸೆರಗಿನ ಗಂಟಿಗೆ ಸೇರಿಸಿದಳು. ಬೈಯಬಹುದು ಅಂದುಕೊಂಡೆ. ಬೈಯಲಿಲ್ಲ.

"ಆವತ್ತು ಬರ್ದಿದ್ದು ಸುಳ್ಳು, ಇವತ್ತು ಯೋಳ್ತಿರೋದು ನಿಜ ಅಂತ ನಾನೆಂಗ್ ನಂಬ್ಲಿ? ಅಕ್ಕನ ಬೆಳೆ ಹೋಯ್ತದೆ ಅಂದ್ರೆ ತಮ್ಮ ಆದೋನು ಏನ್ ಬೇಕಾದ್ರೂ ಯೋಳ್ತಾನೆ," ಅಂತ ಹೊರೆ ಎತ್ತಿಕೊಂಡು ಒಳಗೆ ಹೋದಳು.

ನರೇಂದ್ರನಿಗೆ ಫೋನ್ ಮಾಡಿದೆ. ವಿಷಯ ಕೇಳಿ ಅವನಿಗೂ ಗಾಬರಿಯಾಯಿತು, ಹುಡುಗ ಕೆಟ್ಟವನಲ್ಲ. ಎರಡೇ ನಿಮಿಷದಲ್ಲಿ ಪುಟ ತೆಗೆದ. "ಆದರೆ ಸರ್, ಜನ ಅದರ ಫೋಟೊ ತೆಗೆದು ಎಲ್ಲಾ ಗ್ರೂಪಿಗೂ ಹಂಚಿದ್ದಾರೆ. ಅದು ಈಗ ನಮ್ಮ ಕೈಲಿಲ್ಲ," ಅಂದ. ಸ್ಪಷ್ಟನೆ ಹಾಕು ಅಂದೆ. "ಹಾಕ್ತೀನಿ ಸರ್. ಸ್ಪಷ್ಟನೆ ಮುಂದೆ ಯಾರೂ ಐದು ಸೆಕೆಂಡ್ ನಿಲ್ಲಲ್ಲ, ನಿಮಗೇ ಗೊತ್ತಲ್ಲ," ಅಂದ. ನನಗೇ ಗೊತ್ತಿತ್ತು.

ಹುಳದ ಮನೆಯ ಬಾಗಿಲಿಗೆ ಬಂದೆ. ಹೊಸ್ತಿಲ ಮುಂದೆ ಕಾಲಿಟ್ಟು ಬರಲು ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟಿದ್ದಳು. ದಾಟುವ ಧೈರ್ಯ ಬರಲಿಲ್ಲ. ಒಳಗೆ ತಟ್ಟೆಗಳ ತುಂಬ ಹಳದಿ ತಿರುಗಿದ ಹುಳ ತಲೆ ಎತ್ತಿ ಆಡುತ್ತಿದ್ದವು. ಒಂದೇ ಒಂದು ಹುಳಕ್ಕೆ ರೋಗವಿರಲಿಲ್ಲ. ಎಷ್ಟು ಚಂದದ ಬೆಳೆ!

"ಅಕ್ಕ, ಆ ಬರಹ..."

"ನಂಗೊತ್ತು," ಅಂದಳು, ಹುಳ ಆಯುವ ಕೈ ನಿಲ್ಲಿಸದೆ. "ಆವತ್ತು ಇಲ್ಲಿದ್ದೋನು ನೀನೊಬ್ನೇ. ಯಲ್ಲಮ್ಮ ಫೋಟೊ ತೋರಿಸ್ದಾಗ್ಲೇ ಗೊತ್ತಾಯ್ತು."

"ಮತ್ಯಾಕಕ್ಕ ಫೋನಲ್ಲಿ ಬೈಲಿಲ್ಲ?"

"ನೀನಾಗೇ ಹೇಳ್ತೀಯೇನೋ ಅಂತ ನೋಡ್ತಿದ್ದೆ." ಅಷ್ಟು ಹೊತ್ತಿಗೆ ಅವಳ ದನಿ ಒಡೆಯಿತು. "ನನ್ನ ಬಡವಿ ಅಂತ ಬರೆದಿದ್ರೆ ಬೇಜಾರಿರ್ಲಿಲ್ಲ ಕಣೋ. ಅಳ್ತಾವ್ಳೆ ಅಂತ ಬರೆದಿದ್ರೂ ಬರ್ಕೊ ಅಂತಿದ್ದೆ. ಹುಳದ ಮನೇಲಿ ನಾನೇನಾದ್ರೂ ಸೋತಿದ್ನಾ? ನಂಗೆ ಇರೋ ಒಂದೇ ಮಾನ ಅದು. ಅದ್ಕೇ ಕೈ ಹಾಕ್ದಲ್ಲೋ."

ಹಿಂದಕ್ಕೆ ತಿರುಗಿದೆ. ತಿರುಗಿದರೆ ಎದುರಿಗೆ ಅವಳ ಮನೆಯ ಗೋಡೆ.

ಆ ಗೋಡೆ ಬಸ್ಸು ನಿಲ್ಲುವ ಜಾಗಕ್ಕೆ ನೇರ ಮುಖ ಮಾಡಿದೆ. ಹಿಂದಿನ ಯಾವುದೋ ಚುನಾವಣೆಯಲ್ಲಿ ನಾನೇ ಬರೆದದ್ದು ಇನ್ನೂ ಮಸಕಾಗಿ ಕಾಣುತ್ತಿತ್ತು. ಹುಳದ ತಟ್ಟೆಗೆ ಉದುರಿಸಲು ಅಂತ ಅಕ್ಕ ತಂದಿಟ್ಟ ಸುಣ್ಣ ಮೂಲೆಯಲ್ಲಿತ್ತು. ಕಲಸಿ ಗೋಡೆಗೆ ಬಳಿದೆ. ಬಿಸಿಲು ಜೋರಾಗಿತ್ತು, ಬೇಗ ಒಣಗಿತು. ಬಸ್ ನಿಲ್ದಾಣದ ಅಂಗಡಿಯಲ್ಲಿ ಕಪ್ಪು ಬಣ್ಣದ ಪುಡಿ, ಗೋಂದು ತಂದೆ. ಕುಂಚ ಬೈಕಿನ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ಮೊದಲ ಅಕ್ಷರ ಸೊಟ್ಟ ಬಂತು. ಒರೆಸಿ ಮತ್ತೆ ಬರೆದೆ.

'ಈ ಮನೆಯ ಹುಳಕ್ಕೆ ಯಾವ ರೋಗವೂ ಇಲ್ಲ.
ಸುಣ್ಣಕಟ್ಟು ಎಂದು ಫೋನಿನಲ್ಲಿ ಬಂದದ್ದು ಸುಳ್ಳು.'

ಬರೆದು ಹಿಂದೆ ಸರಿದು ನೋಡಿದೆ. ಅಕ್ಷರ ಚೆನ್ನಾಗಿದ್ದವು, ಎರಡೇ ಸಾಲು, ಓದಿಸಿಕೊಳ್ಳುತ್ತಿತ್ತು. ಆದರೂ ಅದು ವೆಬ್‌ಸೈಟಿನ ಬರಹದ ಥರವೇ ಕಂಡಿತು. ಯಾರೋ ಹೇಳಿದರು, ಯಾರೋ ಅಲ್ಲ ಅಂದರು. ಅಂಗಡಿಯವನು ಓದಿ, "ಯಾರ್ ಬರ್ದಿದ್ದಂತೆ ಸುಳ್ಳ?" ಅಂತ ಕೂಗಿ ಕೇಳಿದ.

ನಾನು ಮತ್ತೆ ಕುಂಚ ಅದ್ದಿದೆ. ಮೂರನೇ ಸಾಲು ಬರೆದೆ: 'ಸುಳ್ಳು ಬರೆದವನು ಸಿದ್ದಮ್ಮನ ತಮ್ಮ, ಕೆಂಪರಾಜು.'

ನನ್ನ ಹೆಸರು ಬರೆಯುವಾಗ ಕೈ ತಾನಾಗಿಯೇ ಸಣ್ಣದಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಮೂಲೆಯಲ್ಲಿ ಹಾಕುವ ಸಹಿಯಷ್ಟೇ ಬಂತು. ಅಭ್ಯಾಸ ಮಾತ್ರ ಅಲ್ಲ, ಕನಕಪುರದ ಬಸ್ಸು ಬಂದು ನಿಂತಿತ್ತು, ಕಿಟಕಿಯಲ್ಲಿ ತಲೆಗಳು ಕಂಡವು. ಅದರಲ್ಲಿ ನಮ್ಮ ನೆಂಟರು ಇಬ್ಬರು ಇದ್ದರು.

ಅಷ್ಟು ಹೊತ್ತಿಗೆ ಅಕ್ಕ ಹೊರಗೆ ಬಂದಳು. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಮೂರೂ ಸಾಲು ಓದಿದಳು. ಬೇಡ, ಅಷ್ಟು ಬೇಡ, ಅಳಿಸು ಅಂತ ಅನ್ನುತ್ತಾಳೆ ಅಂತ ನಾನು ಒಳಗೊಳಗೇ ಕಾಯುತ್ತಿದ್ದೆ ಅಂತ ಕಾಣುತ್ತದೆ.

"ಹೆಸ್ರು ಸಣ್ಣಕ್ಕೈತೆ," ಅಂದಳು. "ಬಸ್ಸಲ್ಲಿ ಕೂತೋರ್ಗೆ ಕಾಣಾಕಿಲ್ಲ. ದಪ್ಪಕ್ಕೆ ಬರಿ."

ಬರೆದೆ. ಬಸ್ಸಿನವರು ನೋಡುತ್ತಿದ್ದ ಹಾಗೇ, ನನ್ನ ಹೆಸರನ್ನು ಒಂದು ಅಡಿ ಎತ್ತರಕ್ಕೆ ತಿದ್ದಿ ತಿದ್ದಿ ದಪ್ಪ ಮಾಡಿದೆ. ಯಾರೋ ನಕ್ಕರು. ಯಾರೋ ಫೋನ್ ಎತ್ತಿ ಫೋಟೊ ಹಿಡಿದರು. ಇದೂ ಎಷ್ಟು ಗ್ರೂಪಿಗೆ ಹೋಗುತ್ತದೋ ಅಂತ ಅಂದುಕೊಂಡೆ. ಹೋಗಲಿ ಅಂತಲೂ ಅಂದುಕೊಂಡೆ.

ಬಸ್ಸು ಹೋದ ಮೇಲೆ ನೋಡಿದರೆ ಯಲ್ಲಮ್ಮ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು. ನಮ್ಮ ಅಂಗಳ ತುಳಿಯದೆ ಸುತ್ತಿಕೊಂಡು ಬಂದಿದ್ದಳು. ಗೋಡೆಯನ್ನು ಗಟ್ಟಿಯಾಗಿ ಓದಿ ಮುಗಿಸಿ, ನನ್ನ ಕಡೆ ನೋಡದೆ ಅಕ್ಕನಿಗೆ ಹೇಳಿದಳು: "ಬೀದೀಲಿ ನಿಂತು ಇಷ್ಟ್ ಮಾನ ಕಳ್ಕಂಡು ಯಾವನೂ ಸುಳ್ಳು ಬರ್ಯಾಕಿಲ್ಲ ಸಿದ್ದಕ್ಕ. ಚಂದ್ರಿಕೆ ಬೇಲಿ ಮ್ಯಾಲಿಂದ ಕೊಡ್ತೀನಿ, ಈಸ್ಕೊ."

ಒಂದೊಂದಾಗಿ ಬೇಲಿ ದಾಟಿ ಬಂದವು. ನಾನು ಕಾಲು ಅದ್ದಿಕೊಂಡು ಒಳಗೆ ಹೋದೆ. ಕತ್ತಲಾಗುವ ಮುಂಚೆ ಇಬ್ಬರೂ ಸೇರಿ ಉಳಿದದ್ದನ್ನೆಲ್ಲ ಆಯ್ದು ಬಿಟ್ಟೆವು. ಮೂರು ಚಂದ್ರಿಕೆಯಷ್ಟು ಹುಳ ಆಗಲೇ ಸೊಪ್ಪಿನ ಕಡ್ಡಿಗೆ, ತಟ್ಟೆಯ ಅಂಚಿಗೆ ನೂಲು ಸುತ್ತಿಕೊಂಡು ಕೆಟ್ಟಿದ್ದವು. ಅವನ್ನು ಅಕ್ಕ ಎಸೆಯಲಿಲ್ಲ, ಒಂದು ಮೊರದಲ್ಲಿ ಹಾಕಿ ನಾನು ಊಟಕ್ಕೆ ಕೂತ ಜಾಗದ ಎದುರಿಗೆ ಇಟ್ಟಳು.

ಮರುದಿನವೇ ಗೋಡೆಯ ಫೋಟೊ ಎದುರು ಪಕ್ಷದವರ ವೆಬ್‌ಸೈಟಿನಲ್ಲಿ ಬಂತು. 'ನಮ್ಮೂರ ದನಿಯ ಬಣ್ಣ ಬಯಲು' ಅಂತ ತಲೆಬರಹ. ಅದರ ಮುಂದೆ ಜನ ಎಷ್ಟು ಸೆಕೆಂಡು ನಿಂತರೋ ನನಗೆ ಗೊತ್ತಿಲ್ಲ, ಅಲ್ಲೂ ಒಂದು ಗುಂಡಿ, ಒಂದು ಸಂಖ್ಯೆ ಇತ್ತು. ಜಯಕುಮಾರರು ಮತ್ತೆ ನನಗೆ ಫೋನ್ ಮಾಡಲಿಲ್ಲ. ನರೇಂದ್ರ ಒಂದು ಸಲ ಅಂಗಡಿಗೆ ಬಂದು ಕೂತು, "ಬೇಜಾರ್ ಮಾಡ್ಕೋಬೇಡಿ ಸರ್" ಅಂದು ಟೀ ಕುಡಿದು ಹೋದ. ನಾನು ಮತ್ತೆ ಲಾರಿ ಹಿಂದೆ ಬರೆಯುತ್ತಿದ್ದೇನೆ. ಮೂಲೆಯಲ್ಲಿ ಸಹಿ ಹಾಕುತ್ತೇನೆ, ಮೊದಲಿಗಿಂತ ಸ್ವಲ್ಪ ದೊಡ್ಡಕ್ಕೆ.

ಹಳೆಯ ಬರಹ ಮಾತ್ರ ಇನ್ನೂ ಸತ್ತಿಲ್ಲ. ಆಗಾಗ ಯಾವುದಾದರೂ ಗ್ರೂಪಿನಲ್ಲಿ ಅಕ್ಕನ ಕಣ್ಣು ಒರೆಸುವ ಫೋಟೊ ಎದುರಾಗುತ್ತದೆ. ಮೊನ್ನೆ ಬೇರೆ ಜಿಲ್ಲೆಯ ಹೆಸರು ಹಾಕಿಕೊಂಡು ಬಂದಿತ್ತು. ನಾನು ಬರೆದ ಎಂಟು ಸಾಲು ಹಾಗೇ ಇದ್ದವು.

ಕಳೆದ ವಾರ ಅಕ್ಕ ಫೋನ್ ಮಾಡಿದಳು. ಹೊಸ ಬೆಳೆಗೆ ಚಾಕಿ ಹುಳ, ಅಂದರೆ ಮರಿ ಹುಳ, ತಂದಿದ್ದಾಳಂತೆ.

"ಮಳೇಗೆ ಗೋಡೆ ಮಾಸೈತೆ ಕಣೋ. ಬಂದು ಇನ್ನೊಂದ್ ಸಲ ಬರ್ದೋಗು."

ಇದು ನಾಲ್ಕನೆಯ ಸಲ. ಪ್ರತಿ ಬೆಳೆಗೂ ಕರೆಯುತ್ತಾಳೆ. "ಆ ಪುಟ ತೆಗೆದು ಒಂದ್ ವರ್ಷ ಆಗ್ತಾ ಬಂತಲ್ಲಕ್ಕ, ಇನ್ನೂ ಯಾಕೆ?" ಅಂದೆ.

"ತೆಗ್ದ್ಯೋ ಬಿಟ್ಯೋ ನಂಗೇನ್ ಗೊತ್ತು, ಅದು ನಂಗೆ ಕಾಣಾಕಿಲ್ಲ," ಅಂದಳು. "ಗೋಡೆ ಕಾಣ್ತದೆ. ಬಾ."

"ಬತ್ತೀನಿ," ಅಂದೆ. ಕುಂಚ ತೊಳೆದು ಬೈಕಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ.